ಮೂರು ಸಾವಿರದೊಳಗೆ ಹೈಸ್ಕೂಲು ಮಕ್ಕಳು ಮೆಚ್ಚುವ ಬಹುಮಾನ ಯಾವುದು?

ಪ್ರಶ್ನೆ: ಹಾಸನ ಜಿಲ್ಲೆಯ ಅನುದಾನಿತ ಪ್ರೌಢಶಾಲೆಯೊಂದರ ಶಿಕ್ಷಕಿ ಬರೆದಿದ್ದಾರೆ:

"ನಮ್ಮಲ್ಲಿ ಎಂಟರಿಂದ ಹತ್ತನೇ ತರಗತಿವರೆಗೆ 180 ಮಕ್ಕಳಿದ್ದಾರೆ. ಡಿಸೆಂಬರ್‌ನಲ್ಲಿ ವಾರ್ಷಿಕೋತ್ಸವ. ಊರಾಚೆಯ ವೃದ್ಧಾಶ್ರಮಕ್ಕೆ 30 ಕಂಬಳಿ, ಎರಡು ವೀಲ್‌ಚೇರ್ ಕೊಡಿಸಬೇಕೆಂದು ಮಕ್ಕಳೇ ಹೊರಟಿದ್ದಾರೆ. 30,000 ರೂಪಾಯಿ ಬೇಕಾಗುತ್ತದೆ. 20 ರೂಪಾಯಿಯ 1,500 ಕೂಪನ್ ಮಾರಿ ಲಕ್ಕಿ ಡ್ರಾ ಮಾಡೋಣ, ಮೊದಲ ಬಹುಮಾನಕ್ಕೆ ಹತ್ತು ಸಾವಿರದ ಮೊಬೈಲ್ ಇಡೋಣ ಎನ್ನುತ್ತಾರೆ ಹತ್ತನೇ ತರಗತಿಯವರು. ಆಡಳಿತ ಮಂಡಳಿ ಬಹುಮಾನಕ್ಕೆಂದು ಒಪ್ಪಿರುವುದು 3,000 ಮಾತ್ರ. ಪೆನ್ನು, ಟಿಫಿನ್ ಡಬ್ಬಿ ಇಟ್ಟರೆ ಈ ವಯಸ್ಸಿನವರು ಮೂಗು ಮುರಿಯುತ್ತಾರೆ. ಕೈಯಲ್ಲೇ ಬರೆದ 60 ಕೂಪನ್ ಈಗಾಗಲೇ ಮಾರಿಯೂ ಬಿಟ್ಟಿದ್ದಾರೆ. ಸಹಾಯಾರ್ಥ ಅಂದಮೇಲೆ ಕಾನೂನಿನ ತೊಡಕೇನೂ ಇಲ್ಲ ಎಂದು ನಮ್ಮ ಸಹೋದ್ಯೋಗಿಯೊಬ್ಬರು ಧೈರ್ಯ ಹೇಳುತ್ತಾರೆ. ನನಗೆ ಅಳುಕು. ಮೂರು ಸಾವಿರದಲ್ಲಿ ಏನು ಇಡಲಿ?"

ಉತ್ತರ: ಮೇಡಂ, ನಿಮ್ಮ ಅಳುಕು ಸರಿಯಾಗಿಯೇ ಇದೆ. ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಮೂರು ಸಾವಿರಕ್ಕೆ ಯಾವ ವಸ್ತು ಕೊಳ್ಳಬೇಕು ಎಂಬುದು ಒಂದು. ಅದನ್ನು ಯಾರಿಗೆ, ಯಾವ ಲೆಕ್ಕದಲ್ಲಿ ಕೊಡಬೇಕು ಎಂಬುದು ಇನ್ನೊಂದು. ಎರಡನೆಯದು ಇತ್ಯರ್ಥವಾಗದೆ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ. ಚೀಟಿ ಎತ್ತಿ ಕೊಡುವ ಬಹುಮಾನ ಯಾರ ಕೈಗೆ ಬೀಳುತ್ತದೋ ಗೊತ್ತಿರುವುದಿಲ್ಲ, ಹಾಗಾಗಿ ಎಲ್ಲರಿಗೂ ಆಸೆ ಹುಟ್ಟಿಸುವ ದುಬಾರಿ ವಸ್ತುವೇ ಬೇಕಾಗುತ್ತದೆ. ಆಡಿ ಗೆಲ್ಲುವ ಬಹುಮಾನದಲ್ಲಿ ಗೆದ್ದೆವೆಂಬ ಹೆಮ್ಮೆ ಅರ್ಧ ಬೆಲೆ ತುಂಬಿಕೊಡುತ್ತದೆ. ಆದ್ದರಿಂದ ಮೊದಲು ಆಟ ಯಾವುದೆಂದು ಗಟ್ಟಿಮಾಡಿಕೊಳ್ಳಿ, ಅಂಗಡಿಗೆ ಆಮೇಲೆ ಹೋಗಿ.

ಮೊದಲು ಕಾನೂನಿನ ಮಾತು. ದುಡ್ಡು ಕೊಟ್ಟು ಚೀಟಿ ಕೊಳ್ಳಬೇಕು, ಯಾರು ಗೆಲ್ಲುತ್ತಾರೆಂಬುದು ಬರೀ ಅದೃಷ್ಟ, ಗೆದ್ದವರಿಗೆ ಬಹುಮಾನ. ಈ ಮೂರೂ ಕೂಡಿದರೆ ಅದು ಲಾಟರಿ. ಹೆಸರು ಲಕ್ಕಿ ಡ್ರಾ ಇರಲಿ, ದೇಣಿಗೆ ಕೂಪನ್ ಇರಲಿ, ಸ್ವರೂಪ ಬದಲಾಗುವುದಿಲ್ಲ. ಕರ್ನಾಟಕದಲ್ಲಿ ಲಾಟರಿ 2007ರಿಂದ ನಿಷೇಧವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ, ಸರ್ಕಾರದ್ದಲ್ಲದ, ಸರ್ಕಾರದ ಅನುಮತಿಯೂ ಇಲ್ಲದ ಲಾಟರಿ ಎತ್ತಲು ಜಾಗ ಇಟ್ಟುಕೊಳ್ಳುವುದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ದಂಡ ಅಥವಾ ಎರಡನ್ನೂ ಹೇಳುತ್ತದೆ. ಅಂಥ ಲಾಟರಿಯ ಬಹುಮಾನವನ್ನು ಪ್ರಚಾರ ಮಾಡಿದವರಿಗೆ 5,000 ರೂಪಾಯಿವರೆಗೆ ದಂಡ. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿ ಇದೇ 294ಎ ಕಲಂ ಆಗಿತ್ತು. ಹಣ ಧರ್ಮಕಾರ್ಯಕ್ಕೆ ಹೋಗುತ್ತದೆ ಎಂಬ ಕಾರಣಕ್ಕೆ ಅದರಲ್ಲಿ ವಿನಾಯಿತಿ ಇಲ್ಲ. ನಿಮ್ಮ ಸಹೋದ್ಯೋಗಿ ಸದುದ್ದೇಶದಿಂದಲೇ ಹೇಳಿದ್ದಾರೆ, ಆದರೆ ಅವರ ಮಾತು ತಪ್ಪು. ಗಣಪತಿ ಪೆಂಡಾಲಿನಲ್ಲಿ, ಕ್ಲಬ್ಬಿನ ತಂಬೋಲದಲ್ಲಿ ನಡೆದುಕೊಂಡು ಬಂದಿದೆ ಎಂಬುದು ಶಾಲೆಗೆ ಆಸರೆಯಾಗುವುದಿಲ್ಲ. ನಾಳೆಯೇ ಪೊಲೀಸರು ಬರುತ್ತಾರೆ ಎಂದು ನಾನು ಹೆದರಿಸುತ್ತಿಲ್ಲ. ಆದರೆ ಒಬ್ಬರೇ ಒಬ್ಬ ಪೋಷಕರು ಲಿಖಿತವಾಗಿ ದೂರು ಕೊಟ್ಟರೂ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರು, ಕೂಪನ್ ಮಾರಿದ ಮಕ್ಕಳಲ್ಲ.

ದಾರಿ ಇಲ್ಲವೆಂದಲ್ಲ. ಮೂರರಲ್ಲಿ ಒಂದನ್ನು ತೆಗೆದುಬಿಟ್ಟರೆ ಅದು ಲಾಟರಿಯಾಗಿ ಉಳಿಯುವುದಿಲ್ಲ. ಅದೃಷ್ಟ ತೆಗೆದರೆ ಸ್ಪರ್ಧೆ. ಕೌಶಲವೇ ಮುಖ್ಯವಾದ ಸ್ಪರ್ಧೆ ಜೂಜಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 1957ರ ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲೇ ಹೇಳಿದೆ. ದುಡ್ಡು ತೆಗೆದರೆ ಉಚಿತ ಚೀಟಿ. ಬಹುಮಾನ ತೆಗೆದರೆ ಬರೀ ದೇಣಿಗೆ.

ಇನ್ನು ಎರಡನೆಯ ನಂಬಿಕೆ: ದೊಡ್ಡ ಬಹುಮಾನ ಇಟ್ಟರೆ ದೊಡ್ಡ ಮೊತ್ತ ಕೂಡುತ್ತದೆ. ಮಕ್ಕಳನ್ನೇ ಕರಿಹಲಗೆಯ ಮುಂದೆ ನಿಲ್ಲಿಸಿ ಲೆಕ್ಕ ಮಾಡಿಸಿ. ಮೊಬೈಲಿಗೆ 10,000, ಕೂಪನ್ ಪುಸ್ತಕದ ಅಚ್ಚಿಗೆ ಸುಮಾರು 1,200, ಒಟ್ಟು 11,200. ಅಂದರೆ ಮೊದಲ 560 ಕೂಪನ್‌ನ ದುಡ್ಡು ಮೊಬೈಲಿಗೂ ಪ್ರೆಸ್ಸಿಗೂ ಹೋಯಿತು, ಒಂದು ಎಳೆ ಕಂಬಳಿಯೂ ಬರಲಿಲ್ಲ. ಅಚ್ಚು ಹಾಕಿಸಿದ 1,500ರಲ್ಲಿ ಅರ್ಧ ಖರ್ಚಾದರೆ ಬರುವುದು 15,000, ಕೈಗೆ ಉಳಿಯುವುದು 3,800. ತಲಾ 400ರಂತೆ ಅದಕ್ಕೆ ಒಂಬತ್ತು ಕಂಬಳಿ ಬರುತ್ತದೆ. 180 ಮಕ್ಕಳಲ್ಲಿ ಪ್ರತಿಯೊಬ್ಬರೂ ಎಂಟು ಕೂಪನ್ ಮಾರಿದರೂ 1,500 ತುಂಬುವುದಿಲ್ಲ. ಹೀಗಾದಾಗ 'ಪ್ರತಿಯೊಬ್ಬರೂ ಹತ್ತು ಕೂಪನ್ ಖರ್ಚು ಮಾಡಲೇಬೇಕು' ಎಂಬ ಒತ್ತಾಯ ಶುರುವಾಗುತ್ತದೆ. ಅನುಕೂಲವಿದ್ದ ಮನೆಯಲ್ಲಿ ಅಪ್ಪನೇ ಹತ್ತನ್ನೂ ಕೊಂಡುಬಿಡುತ್ತಾರೆ. ಕೂಲಿ ಮಾಡುವ ಮನೆಯ ಮಗು ಪುಸ್ತಕ ಹಿಡಿದುಕೊಂಡು ಸಂಜೆ ಹೊತ್ತು ಬೀದಿ ಬೀದಿ ತಿರುಗುತ್ತದೆ, ಇಲ್ಲವೇ ಮಾರದ ಪುಸ್ತಕವನ್ನು ತಲೆ ತಗ್ಗಿಸಿ ವಾಪಸು ಕೊಡುತ್ತದೆ. ಕಾನೂನಿಗಿಂತ ಇದು ನನ್ನನ್ನು ಹೆಚ್ಚು ಕಾಡುವ ವಿಷಯ.

ಮೊಬೈಲಿಗೆ ಬೇರೆ ತೊಂದರೆಯೂ ಇದೆ. ಸಿಮ್ ದೊಡ್ಡವರ ಹೆಸರಲ್ಲಿ ಬೇಕು, ತಿಂಗಳ ರೀಚಾರ್ಜ್ ಮನೆಯವರ ತಲೆಗೆ, ಮಗನ ಕೈಗೆ ಫೋನ್ ಬೇಡವೆಂದು ಗಟ್ಟಿಯಾಗಿ ನಿಂತಿದ್ದ ತಾಯಿಗೆ ಶಾಲೆಯೇ ಎದುರು ನಿಂತಂತಾಗುತ್ತದೆ.

ಮೊಬೈಲ್ ಬೇಡವೆಂದರೆ ಮಕ್ಕಳು ಮುಂದೆ ಕೇಳುವುದು ಸ್ಮಾರ್ಟ್ ವಾಚು, ವೈರ್‌ಲೆಸ್ ಇಯರ್‌ಫೋನು, ಪವರ್ ಬ್ಯಾಂಕು. ಸಾವಿರದೊಳಗೆ ಸಿಗುತ್ತವೆ, ನೋಡಲು ಥಳಥಳ. ಕೊಳ್ಳಲೇಬೇಕಾಗಿ ಬಂದರೆ ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗಿ ಎಂಟು ಅಂಕಿಗಳ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ. ಈ ಮೂರೂ ವಸ್ತುಗಳಿಗೆ ಆ ನೋಂದಣಿ ಕಡ್ಡಾಯ. ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರಬೇಕು. ಡಬ್ಬಿಯ ಮೇಲಿನ ಹೆಸರಿಗೂ ಅದಕ್ಕೂ ತಾಳೆಯಾಗದಿದ್ದರೆ ಬಿಟ್ಟುಬಿಡಿ. ಪವರ್ ಬ್ಯಾಂಕಿನೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಕಳಪೆಯದು ಉಬ್ಬುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ. ಬಿಲ್ಲಿಲ್ಲದೆ ಕೊಂಡ ವಾಚು ಎರಡನೇ ತಿಂಗಳಿಗೆ ಚಾರ್ಜ್ ಆಗದಿದ್ದರೆ ವಾರಂಟಿ ಕೇಳಲು ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ, ಬೈಗುಳ ಶಾಲೆಗೆ. ನನ್ನ ಅಭಿಪ್ರಾಯ ಕೇಳಿದರೆ, ಮೂರು ಸಾವಿರದ ಬಜೆಟ್ಟಿನಲ್ಲಿ ಚಾರ್ಜರ್ ಬೇಕಾಗುವ ಯಾವ ವಸ್ತುವನ್ನೂ ಇಡಬೇಡಿ.

ಹಾಗಾದರೆ ಹದಿನಾಲ್ಕು ಹದಿನೈದರ ಮಕ್ಕಳಿಗೆ ಏನು ಹಿಡಿಸುತ್ತದೆ? ಅವರು ಮೂಗು ಮುರಿಯುವುದು ಬೆಲೆ ಕಡಿಮೆ ಎಂದಲ್ಲ. ಟಿಫಿನ್ ಡಬ್ಬಿ ನಾಲ್ಕನೇ ಕ್ಲಾಸಿನಲ್ಲಿ ಕೊಟ್ಟಂಥದ್ದು, ಅದನ್ನು ಸ್ನೇಹಿತರ ಮುಂದೆ ವೇದಿಕೆ ಹತ್ತಿ ತೆಗೆದುಕೊಳ್ಳಲು ನಾಚಿಕೆ. ಈ ವಯಸ್ಸಿನಲ್ಲಿ ನಾಲ್ಕು ಜನರ ಜೊತೆ ಸೇರಿ ಗೆಲ್ಲಬೇಕು, ಗೆದ್ದದ್ದು ಕಾಣಬೇಕು, ಏನು ಬೇಕೆಂದು ತಾನೇ ಆರಿಸಬೇಕು. ಈ ಮೂರನ್ನು ಕೊಟ್ಟರೆ 250 ರೂಪಾಯಿಯ ವಸ್ತುವೂ ಚೆನ್ನಾಗಿಯೇ ಕಾಣುತ್ತದೆ.

ಇದಕ್ಕೆ ನಾನು ಹೇಳುವುದು ಆಯ್ಕೆ ಮೇಜು. ಒಂದು ಮೇಜಿನ ಮೇಲೆ ಹೆಚ್ಚುಕಮ್ಮಿ ಒಂದೇ ಬೆಲೆಯ, ಬೇರೆ ಬೇರೆ ಬಗೆಯ ವಸ್ತುಗಳನ್ನು ಪೊಟ್ಟಣ ಕಟ್ಟದೆ ಬಿಚ್ಚಿಟ್ಟೇ ಜೋಡಿಸಿ. ಗೆದ್ದವರು ಒಬ್ಬೊಬ್ಬರಾಗಿ ಬಂದು ಬೇಕಾದ್ದನ್ನು ಎತ್ತಿಕೊಳ್ಳಲಿ. ತಲಾ 250 ರೂಪಾಯಿಯ ಆಸುಪಾಸಿನಲ್ಲಿ ಇವು ಸಿಗುತ್ತವೆ: ಸ್ಟಿಕ್ಕರ್ ಇಲ್ಲದ, ಸಲೀಸಾಗಿ ತಿರುಗುವ ಕ್ಯೂಬು, ಸುರುಳಿ ಸುತ್ತಿ ಚೀಲದಲ್ಲಿಡಬಹುದಾದ ಚೆಸ್ ಹಾಸು, ಬ್ರಷ್ ಪೆನ್ನುಗಳ ಸೆಟ್ಟು, ನೈಲಾನ್ ಶಟಲ್ ಕಾಕಿನ ಡಬ್ಬಿ, ಬೇರಿಂಗ್ ಇರುವ ಸ್ಕಿಪ್ಪಿಂಗ್ ಹಗ್ಗ, ಒಂದು ಒಳ್ಳೆಯ ಕಾದಂಬರಿ ಅಥವಾ ವಿಜ್ಞಾನದ ಪುಸ್ತಕ, ಒಂದು ಪದರದ ಸ್ಟೀಲ್ ನೀರಿನ ಬಾಟಲಿ. ಏಳು ಬಹುಮಾನ ಕೊಡುವುದಿದ್ದರೆ ಒಂಬತ್ತು ವಸ್ತು ಇಡಿ. ಕೊನೆಯಲ್ಲಿ ಬರುವ ಮಗುವಿಗೂ ಮೂರರಲ್ಲಿ ಒಂದು ಆರಿಸುವ ಅವಕಾಶ ಇರಬೇಕು. ಉಳಿಯುವ ಎರಡನ್ನು ಅಂಗಡಿಗೆ ವಾಪಸು ಕೊಡುವ ಮಾತನ್ನು ಕೊಳ್ಳುವಾಗಲೇ ಆಡಿಕೊಂಡು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಸ್ಟೇಷನರಿ ಮತ್ತು ಆಟದ ಸಾಮಾನಿನ ಅಂಗಡಿಯವರು ಶಾಲೆಗೆ ಇಷ್ಟು ಅನುಕೂಲ ಸಾಮಾನ್ಯವಾಗಿ ಮಾಡಿಕೊಡುತ್ತಾರೆ.

ಅಳತೆ ಬೇಕಾಗುವ ವಸ್ತು ಬೇಡ. ಟೀ ಶರ್ಟು, ಶೂ, ಕ್ರಿಕೆಟ್ ಬ್ಯಾಟು ಮೂರೂ ಎತ್ತರಕ್ಕೆ, ಮೈಕಟ್ಟಿಗೆ ತಕ್ಕಂತೆ ಬದಲಾಗುತ್ತವೆ. ಫುಟ್‌ಬಾಲ್ ಆದೀತು, ಹನ್ನೆರಡು ದಾಟಿದವರಿಗೆಲ್ಲ ಐದನೇ ಸೈಜು. ಆದರೆ ಅದನ್ನು ಒಬ್ಬರಿಗಲ್ಲ, ತರಗತಿಗೆ ಕೊಡಿ. ಹುಡುಗಿಯರಿಗೊಂದು, ಹುಡುಗರಿಗೊಂದು ಎಂದು ಮೊದಲೇ ವಿಂಗಡಿಸಬೇಡಿ. ಚೆಸ್ ಹಾಸಿಗೆ ಮೊದಲು ಕೈ ಹಾಕುವವರು ಯಾರೆಂದು ನಾವು ಊಹಿಸುವುದು ಅನೇಕ ಸಲ ತಪ್ಪಾಗುತ್ತದೆ.

ಇನ್ನೊಂದು, ಬೀರು ತೆರೆದು ನೋಡಿ. ಹಳೆಯ ಶಾಲೆ ಎಂದರೆ ಧೂಳು ಹಿಡಿದ ಮರದ ಶೀಲ್ಡೊಂದು ಇದ್ದೇ ಇರುತ್ತದೆ. ಹಿತ್ತಾಳೆ ಫಲಕ ಬಿಚ್ಚಿ, ಮರಕ್ಕೆ ಸ್ಯಾಂಡ್ ಪೇಪರ್ ಉಜ್ಜಿ, ಪಾಲಿಶ್ ಕೊಟ್ಟು, ನೂರು ರೂಪಾಯಿಯ ಆಸುಪಾಸಿಗೆ ಹೊಸ ಹೆಸರಿನ ತಗಡು ಕೂರಿಸಿದರೆ ರೋಲಿಂಗ್ ಶೀಲ್ಡ್ ತಯಾರು. ಗೆದ್ದ ತರಗತಿಯ ಹೆಸರು ಪ್ರತಿವರ್ಷ ಕೆಳಗೆ ಸೇರುತ್ತಾ ಹೋಗಲಿ. ಮುಂದಿನ ವರ್ಷದ ಖರ್ಚು ಒಂದು ಪಟ್ಟಿ ತಗಡಿನಷ್ಟೇ.

ಈಗ ಆಟ. 3,000 ರೂಪಾಯಿ ಬಹುಮಾನಕ್ಕೆ ನಾನು ಆರಿಸುವುದು ಮೂರು ಸ್ಪರ್ಧೆ: ನಾಲ್ವರ ತಂಡದ ಕ್ವಿಜ್, ಬೆಂಕಿಯಿಲ್ಲದ ಅಡುಗೆ, ಹುಣಸೆ ಬೀಜದ ಲೆಕ್ಕ. ಮೊದಲೆರಡು ನಿಮಗೆ ಗೊತ್ತಿರುವಂಥವೇ. ಕ್ವಿಜ್‌ಗೆ ತಂಡಕ್ಕೆ 80 ರೂಪಾಯಿ ಅಂದರೆ ಮಗುವಿಗೆ 20. ಕೊಡಲಾಗದವರ ಪಾಲನ್ನು ಹೆಸರು ಹೇಳದೆ ಶಿಕ್ಷಕರು ತುಂಬಿಬಿಡಿ. ಅಡುಗೆಯಲ್ಲಿ ಚರುಮುರಿ, ಕೋಸಂಬರಿ, ಅವಲಕ್ಕಿ, ಪಾನಕದಂಥವು ಇರಲಿ. ಮೊಸರು, ಕ್ರೀಮು, ಹಿಂದಿನ ದಿನ ಕತ್ತರಿಸಿದ ಹಣ್ಣು ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಕಲಸಿದ ಸೌತೆಕಾಯಿ ಕೋಸಂಬರಿ ಮಧ್ಯಾಹ್ನ ಒಂದಕ್ಕೆ ನೀರು ಬಿಟ್ಟು ಕೆಡುತ್ತದೆ, ಆದ್ದರಿಂದ ಉಪ್ಪು, ಕಾಯಿತುರಿ ಬೇರೆ ಇಟ್ಟುಕೊಂಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕಲಸಲಿ. ಕುಡಿಯುವ ನೀರಿನ ಕ್ಯಾನು ಶಾಲೆಯೇ ಕೊಡಲಿ.

ಹುಣಸೆ ಬೀಜದ ಸ್ಪರ್ಧೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ಡಬ್ಬಿಯಲ್ಲಿ ಎಷ್ಟಿದೆ ಹೇಳಿ' ಎಂದು ಕಣ್ಣಂದಾಜಿಗೆ ಬಿಟ್ಟರೆ ಅದು ಮತ್ತೆ ಅದೃಷ್ಟದ ಕಡೆಗೇ ವಾಲುತ್ತದೆ. ತೂಗಿ, ಲೆಕ್ಕ ಹಾಕಿ ಹೇಳುವಂತೆ ಮಾಡಿದರೆ ಅದು ಬುದ್ಧಿಯ ಸ್ಪರ್ಧೆ. ಗೋಲಿಗಿಂತ ಹುಣಸೆ ಬೀಜ ಮೇಲು, ಯಾಕೆಂದರೆ ಪುಕ್ಕಟೆ ಸಿಗುತ್ತದೆ ಮತ್ತು ಹಗುರ. ಚೌಕಾಬಾರ ಆಡಿದ ಪ್ರತಿ ಮನೆಗೂ ಅದರ ಪರಿಚಯವಿದೆ.

ಒಂದು ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಎರಡು ತನ್ನಿ, ಒಂದೇ ಅಚ್ಚಿನವು. ಬೀಜವನ್ನು ತೊಳೆದು ಮೂರು ದಿನ ಬಿಸಿಲಿಗೆ ಒಣಗಿಸಿ. ಹುಣಸೆ ತಿರುಳು ಅಂಟಿಕೊಂಡಿದ್ದರೆ ಬೀಜ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ಮುಚ್ಚಿದ ಡಬ್ಬಿಯಲ್ಲಿ ಬೂಸ್ಟು ಬರುತ್ತದೆ. ತೂತಿರುವ ಬೀಜ ಆರಿಸಿ ಎಸೆಯಿರಿ, ಒಳಗೆ ಹುಳು ಇರುತ್ತದೆ, ತೂಕವೂ ಕಡಿಮೆ. ಆಮೇಲೆ ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ಐವತ್ತೈವತ್ತರ ಗುಡ್ಡೆ ಹಾಕಿ ಎಣಿಸಲಿ. ಲೀಟರ್ ಡಬ್ಬಿಗೆ ಸಾವಿರದ ಆಸುಪಾಸು ಹಿಡಿಯುತ್ತದೆ. ಎರಡೂ ಎಣಿಕೆ ತಾಳೆಯಾದ ಮೇಲೆ ತುಂಬಿ, ಡಬ್ಬಿಯನ್ನು ಮೇಜಿಗೆ ಹತ್ತಿಪ್ಪತ್ತು ಸಲ ಕುಟ್ಟಿ, ಕೆಳಗಿಳಿದರೆ ಉಳಿದದ್ದನ್ನೂ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಟೇಪಿನ ಮೇಲೆ ಇಬ್ಬರ ರುಜು. ಸಂಖ್ಯೆ ಬರೆದ ಲಕೋಟೆಗೆ ಗೋಂದು ಹಾಕಿ ಮುಖ್ಯ ಶಿಕ್ಷಕರ ಕೈಗೆ.

ಸ್ಪರ್ಧಿಯ ಮುಂದೆ ಮೂರು ವಸ್ತು ಇರಬೇಕು: ತುಂಬಿದ ಡಬ್ಬಿ, ಖಾಲಿ ಡಬ್ಬಿ, ಒಂದು ಬಟ್ಟಲಲ್ಲಿ ಬಿಡಿಯಾಗಿ ನೂರು ಬೀಜ. ಪಕ್ಕದಲ್ಲಿ ಒಂದೊಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಇಲ್ಲೇ ಜಾಣತನ ಕೆಲಸ ಮಾಡುವುದು. ತುಂಬಿದ್ದರಲ್ಲಿ ಖಾಲಿಯ ತೂಕ ಕಳೆದರೆ ಬೀಜದ ತೂಕ 760 ಗ್ರಾಂ ಬಂತೆನ್ನಿ. ಅವಸರದ ಹುಡುಗ 20 ಬೀಜ ತೂಗಿ 15 ಗ್ರಾಂ ನೋಡುತ್ತಾನೆ, ಬೀಜಕ್ಕೆ 0.75, ಒಟ್ಟು 1,013 ಎಂದು ಬರೆಯುತ್ತಾನೆ. ಆದರೆ ಆ ತಕ್ಕಡಿ ಅರ್ಧ ಗ್ರಾಂ ಆಚೀಚೆಯನ್ನು ತೋರಿಸುವುದಿಲ್ಲ. ಹದಿನೈದರಲ್ಲಿ ಅರ್ಧ ಎಂದರೆ ಅವನ ಉತ್ತರ 34 ಬೀಜದಷ್ಟು ಹೆಚ್ಚುಕಮ್ಮಿ ಆಗಬಹುದು. ನೂರನ್ನೂ ಒಟ್ಟಿಗೆ ಸುರಿದು 75 ಗ್ರಾಂ ನೋಡಿದವಳಿಗೆ ಅದೇ ಅರ್ಧ ಗ್ರಾಂ ತಂದೊಡ್ಡುವ ದೋಷ ಏಳು ಬೀಜದಷ್ಟು ಮಾತ್ರ. ಬಟ್ಟಲಿನ ತೂಕ ಕಳೆಯಲು ಮರೆತವರ ಲೆಕ್ಕ ಪೂರ್ತಿ ಕೆಟ್ಟುಹೋಗುತ್ತದೆ. ಎಂಟನೇ ತರಗತಿಯ ಗಣಿತ ಸಾಕು, ಸಂತೆಯಲ್ಲಿ ತೂಗಿ ಮಾರುವ ಅಜ್ಜಿಯೂ ಗೆಲ್ಲಬಹುದು.

ಒಬ್ಬರಿಗೆ ಎರಡು ನಿಮಿಷ ಹಿಡಿಯುತ್ತದೆ. ಒಂದೇ ತಕ್ಕಡಿ ಇಟ್ಟರೆ ಗಂಟೆಗೆ ಮೂವತ್ತೇ ಜನ, ಸಾಲು ನಿಂತವರು ಬೇಸತ್ತು ಹೋಗುತ್ತಾರೆ. ಮೂರು ತಕ್ಕಡಿ ಎರವಲು ತಂದು, ಬೀಜವನ್ನೂ ಡಬ್ಬಿಯನ್ನೂ ಮೂರು ಜೊತೆ ಮಾಡಿ, ಒಂದೊಂದು ಡಬ್ಬಿಯಲ್ಲೂ ಎಣಿಕೆ ಸರಿಯಾಗಿ ಒಂದೇ ಇರಲಿ. ಮೂರು ಗಂಟೆಯಲ್ಲಿ 270 ಜನ ಆಡಬಹುದು. ತಲಾ 20 ರೂಪಾಯಿ. ತಕ್ಕಡಿಗೆ ಹೊಸ ಸೆಲ್ಲು ಹಾಕಿ, ಸೆಲ್ಲು ಸೊರಗಿದಾಗ ತೂಕ ತಪ್ಪು ತೋರಿಸುತ್ತದೆ. ಫ್ಯಾನಿನ ಗಾಳಿ ಬೀಳದ ಕಡೆ, ಅಲುಗಾಡದ ಮೇಜಿನ ಮೇಲೆ ಇಡಿ. ಇಬ್ಬರ ಉತ್ತರ ಒಂದೇ ಆದರೆ ಚೀಟಿ ಎತ್ತಬೇಡಿ, ಅದು ಮತ್ತೆ ಅದೃಷ್ಟ. ಇಬ್ಬರಿಗೂ ಇನ್ನೊಂದು ಚಿಕ್ಕ ಡಬ್ಬಿ ಕೊಟ್ಟು ಮತ್ತೊಮ್ಮೆ ಲೆಕ್ಕ ಹಾಕಿಸಿ. ಈ ನಿಯಮವನ್ನು ಮೊದಲೇ ಬೋರ್ಡಿನ ಮೇಲೆ ಬರೆದಿಡಿ.

ಇಲ್ಲಿ ಗೆಲ್ಲುವವರು ಪೋಷಕರೂ ಆಗಿರಬಹುದು. ಹಾಗಾಗಿ ಈ ಒಂದು ಬಹುಮಾನ ಮನೆಗೆ ಒದಗುವಂಥದ್ದಿರಲಿ: ಒಂದು ಲೀಟರಿನ, ಎರಡು ಪದರದ ಸ್ಟೀಲ್ ಫ್ಲಾಸ್ಕು. ಕೊಳ್ಳುವಾಗ ಕುದಿಯುವ ನೀರು ತುಂಬಿಸಿ ಹೊರಗೆ ಮುಟ್ಟಿ ನೋಡಿ. ಹತ್ತು ನಿಮಿಷಕ್ಕೆ ಹೊರಮೈ ಬೆಚ್ಚಗಾದರೆ ಒಳಗಿನ ನಿರ್ವಾತ ಹೋಗಿದೆ ಎಂದೇ ಅರ್ಥ.

ಹಂಚಿಕೆ ಹೀಗೆ. ಕ್ವಿಜ್ ಗೆದ್ದ ನಾಲ್ವರು, ಅಡುಗೆ ಗೆದ್ದ ಮೂವರು, ಒಟ್ಟು ಏಳು ಜನ ಆಯ್ಕೆ ಮೇಜಿಗೆ, 1,750. ಫ್ಲಾಸ್ಕು 750. ಶೀಲ್ಡಿನ ತಗಡು, ಪಾಲಿಶು, ಪ್ರಮಾಣಪತ್ರ 350. ಮಿಕ್ಕ 150 ಸೆಲ್ಲು, ಟೇಪು, ಲಕೋಟೆಗೆ. ಮೂರು ಸಾವಿರ ಮುಗಿಯಿತು.

ಬರುವ ಹಣ ಎಷ್ಟು? 45 ತಂಡದಿಂದ 3,600. ಬೀಜದ ಸ್ಪರ್ಧೆಗೆ 250 ಜನ ಬಂದರೆ 5,000. ಅಡುಗೆ ಸ್ಪರ್ಧೆಯ ಹನ್ನೆರಡು ಮಳಿಗೆ ತಲಾ 60 ತಟ್ಟೆಯನ್ನು 20 ರೂಪಾಯಿಗೆ ಮಾರಿದರೆ 14,400, ಸಾಮಾನಿಗೆ ಅದರಲ್ಲಿ 5,800 ಹೋದರೂ 8,600 ಉಳಿಯುತ್ತದೆ. ಒಟ್ಟು 17,200, ಬಹುಮಾನ ಕಳೆದರೆ 14,200. ಮೂವತ್ತಕ್ಕೆ ಇನ್ನೂ ಅರ್ಧ ದಾರಿ ಬಾಕಿ.

ಆ ಅರ್ಧವನ್ನು ಬಹುಮಾನದ ಆಸೆ ತೋರಿಸಿ ಎತ್ತಲು ಹೋಗಬೇಡಿ. ಎರಡು ಸುಲಭದ ದಾರಿ ನಮ್ಮ ಕಡೆಯೇ ಇದೆ. ಒಂದು ಕಂಬಳಿ ಪಟ್ಟಿ. ದೊಡ್ಡ ಹಾಳೆಯ ಮೇಲೆ 1ರಿಂದ 30ರವರೆಗೆ ಗೆರೆ ಎಳೆದು, ಒಂದೊಂದು ಗೆರೆಗೆ 'ಒಂದು ಕಂಬಳಿ, 400 ರೂಪಾಯಿ' ಎಂದು ಬರೆದು ಬಾಗಿಲಲ್ಲಿ ತೂಗುಹಾಕಿ. ಕೊಟ್ಟವರು ಹೆಸರು ಬರೆಯಲಿ, ಬೇಡವೆಂದವರು 'ಹಿತೈಷಿ' ಎಂದು ಬರೆಯಲಿ. ಒಬ್ಬರಿಗೆ ಆಗದಿದ್ದರೆ ಇಬ್ಬರು ಸೇರಿ ಒಂದು ಗೆರೆ ತುಂಬಲಿ. 'ದಯವಿಟ್ಟು ಧನಸಹಾಯ ಮಾಡಿ' ಎಂಬ ಪೆಟ್ಟಿಗೆಗಿಂತ ಇದು ಬೇಗ ತುಂಬುತ್ತದೆ, ತಾನು ಕೊಟ್ಟದ್ದು ಯಾವುದೆಂದು ಕಣ್ಣಿಗೆ ಕಾಣುವುದರಿಂದ.

ಇನ್ನೊಂದು ಹರಾಜು. ಕರಾವಳಿಯಲ್ಲಿ ಏಲಂ ಎನ್ನುತ್ತಾರೆ. ಗಣಪತಿ ಬಿಡುವ ದಿನ ಹಣ್ಣಿನ ಬುಟ್ಟಿಗೆ, ತೆಂಗಿನಕಾಯಿಗೆ ಕೂಗುವುದನ್ನು ಎಲ್ಲರೂ ನೋಡಿದ್ದಾರೆ. ಇದರಲ್ಲಿ ಅದೃಷ್ಟವಿಲ್ಲ, ಹೆಚ್ಚು ಕೂಗಿದವರಿಗೆ ವಸ್ತು, ಲಾಟರಿಯ ಮಾತೇ ಬರುವುದಿಲ್ಲ. ವಸ್ತುಗಳನ್ನು ಮಕ್ಕಳ ಮನೆಗಳಿಂದಲೇ ತರಿಸಿ: ಒಂದು ಗೊನೆ ಬಾಳೆ, ಹಿತ್ತಲ ಕುಂಬಳಕಾಯಿ, ಒಂದು ಸೇರು ಕಾಫಿಪುಡಿ, ಮಕ್ಕಳು ಬರೆದ ಊರ ಕೆರೆಯ ಚಿತ್ರ. ಹತ್ತಕ್ಕಿಂತ ಹೆಚ್ಚು ಬೇಡ, ಹನ್ನೆರಡನೆಯದಕ್ಕೆ ಜನ ಎದ್ದು ಹೋಗುತ್ತಾರೆ. ಕೂಗುವವರು ಊರಿನ ಜನರ ಪರಿಚಯ ಇರುವವರಾಗಿರಲಿ. ಹಣ ಅಲ್ಲೇ ಕಟ್ಟಿಸಿಕೊಂಡು ರಸೀದಿ ಕೊಡಿ, 'ನಾಳೆ ಕೊಡುತ್ತೇನೆ' ಎಂದದ್ದು ಮಾರ್ಚ್‌ವರೆಗೂ ಬಾಕಿ ಉಳಿಯುತ್ತದೆ. ಅಪಾಯ ಒಂದೇ, ಇಬ್ಬರ ನಡುವೆ ಹಟಕ್ಕೆ ಬಿದ್ದು ಕೂಗುವುದು. ಹಾಗಾಗಿ ಒಂದು ವಸ್ತುವಿಗೆ 2,000 ದಾಟದಂತೆ ಮೊದಲೇ ಮಿತಿ ಹೇಳಿಬಿಡಿ.

ಚೀಟಿ ಎತ್ತುವ ಗಮ್ಮತ್ತು ಬೇಕೇ ಬೇಕು ಎಂದು ಮಕ್ಕಳು ಹಟ ಹಿಡಿದರೆ ಉಚಿತ ಚೀಟಿ ಮಾಡಿ. ಬಾಗಿಲಲ್ಲಿ ಬಂದ ಪ್ರತಿಯೊಬ್ಬರಿಗೂ ಒಂದು ಚೀಟಿ, ಒಂದು ರೂಪಾಯಿ ಕೊಡದವರಿಗೂ ಅಷ್ಟೇ, ಸಾವಿರ ಕೊಟ್ಟವರಿಗೂ ಒಂದೇ. ದೇಣಿಗೆ ಪೆಟ್ಟಿಗೆ ಬೇರೆ ಮೂಲೆಯಲ್ಲಿರಲಿ. 'ನೂರು ಕೊಟ್ಟರೆ ಐದು ಚೀಟಿ' ಎಂದ ಕ್ಷಣ ಅದು ಮತ್ತೆ ಲಾಟರಿ ಆಯಿತು. ಇದಕ್ಕೆ ಬಹುಮಾನವಾಗಿ ಆಯ್ಕೆ ಮೇಜಿನಲ್ಲಿ ಉಳಿದ ಎರಡು ವಸ್ತುಗಳೇ ಸಾಕು. ಆಗ ಅಂಗಡಿಗೆ ವಾಪಸು ಕೊಡುವ ಬದಲು ಅವನ್ನೂ ಕೊಂಡಂತೆ, ಇನ್ನೊಂದು 500 ರೂಪಾಯಿ ಬೇಕಾಗುತ್ತದೆ ಎಂಬುದು ನೆನಪಿರಲಿ.

ಬಹುಮಾನವನ್ನೇ ದಾನವಾಗಿ ಕೇಳಬಹುದೇ? ಖಂಡಿತ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ಒಂದು ಪುಟದ ಪತ್ರ ಬರೆದು 'ಏನಾದರೂ ಕೊಡಿ' ಎನ್ನುವ ಬದಲು 'ನಿಮ್ಮ ಅಂಗಡಿಯ ಒಂದು ಲೀಟರ್ ಫ್ಲಾಸ್ಕು' ಎಂದೇ ಕೇಳಿ. ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ಶಿಕ್ಷಕರೊಬ್ಬರು ಇಬ್ಬರು ಮಕ್ಕಳ ಜೊತೆ ಹೋಗಲಿ. ಪಾನ್ ಮಸಾಲ, ಗುಟ್ಕಾ ಕಂಪನಿಗಳು ಏಲಕ್ಕಿಯ ಹೆಸರಲ್ಲಿ ಬಂದರೂ ಒಪ್ಪಬೇಡಿ. ಟ್ಯೂಷನ್ ಕೇಂದ್ರದವರು ಕೊಡುವ 'ಐದು ಸಾವಿರದ ಸ್ಕಾಲರ್‌ಶಿಪ್ ಕೂಪನ್' ಬಹುಮಾನವಲ್ಲ, ಅದು ಅವರ ಜಾಹೀರಾತು. ಗೆದ್ದ ಮನೆಯವರು ಉಳಿದ ಶುಲ್ಕ ಕಟ್ಟಬೇಕಾಗುತ್ತದೆ. ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು, ಅದಕ್ಕೆ ಬೇಕಾದ ಆದಾಯ ತೆರಿಗೆ ಇಲಾಖೆಯ ಅನುಮೋದನೆ ನಿಮ್ಮ ಸಂಸ್ಥೆಗೆ ಇಲ್ಲದಿದ್ದರೆ, ಬಾಯಿಮಾತಿಗೂ ಹೇಳಬೇಡಿ. ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದು ಅನ್ವಯಿಸುವುದಿಲ್ಲ.

ಹಣದ ಬಗ್ಗೆ ಎರಡೇ ಮಾತು. ಯುಪಿಐ ಕ್ಯೂಆರ್ ಶಾಲೆಯ ಅಥವಾ ಆಡಳಿತ ಮಂಡಳಿಯ ಖಾತೆಯದ್ದೇ ಆಗಿರಬೇಕು, ನಿಮ್ಮ ಸ್ವಂತ ನಂಬರಿನದ್ದು ಬೇಡವೇ ಬೇಡ. ನಗದನ್ನು ಅಂದೇ ಸಂಜೆ ಒಬ್ಬ ಶಿಕ್ಷಕರು, ಒಬ್ಬ ಪೋಷಕರು, ಒಬ್ಬ ವಿದ್ಯಾರ್ಥಿ ಕೂತು ಎಣಿಸಿ ಮೂವರೂ ರುಜು ಹಾಕಲಿ.

ವೀಲ್‌ಚೇರಿನ ವಿಚಾರ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಬಡತನ ರೇಖೆಗಿಂತ ಕೆಳಗಿರುವ ಹಿರಿಯರಿಗೆ ವೀಲ್‌ಚೇರ್, ಊರುಗೋಲು, ಶ್ರವಣಸಾಧನ ಉಚಿತವಾಗಿ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಕಾನ್ಪುರದ ಅಲಿಂಕೋ ಸಂಸ್ಥೆ ಶಿಬಿರಗಳಲ್ಲಿ ಅವನ್ನು ವಿತರಿಸುತ್ತದೆ. ವೃದ್ಧಾಶ್ರಮದವರು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಲಿ. ಸಿಕ್ಕರೆ ನಿಮ್ಮ ಮೊತ್ತದಲ್ಲಿ ಅರ್ಧಕ್ಕೂ ಹೆಚ್ಚು ಉಳಿದು ಕಂಬಳಿ, ಹಾಸಿಗೆ, ಬಿಸಿನೀರಿನ ವ್ಯವಸ್ಥೆಗೆ ಒದಗುತ್ತದೆ. ಸಿಗದಿದ್ದರೂ ಕೊಳ್ಳುವ ಮೊದಲು ಆಶ್ರಮದ ಬಾಗಿಲಿನ ಅಗಲವನ್ನು ಟೇಪಿನಲ್ಲಿ ಅಳೆಯಿಸಿ. ಸಾಮಾನ್ಯ ವೀಲ್‌ಚೇರಿನ ಒಟ್ಟು ಅಗಲ 65 ಸೆಂಟಿಮೀಟರಿನ ಆಸುಪಾಸು ಇರುತ್ತದೆ, ಹಳೆಯ ಮನೆಯ ಬಚ್ಚಲ ಬಾಗಿಲು ಅಷ್ಟಿರುವುದಿಲ್ಲ.

ಕೊನೆಗೆ ಮಾರಿಬಿಟ್ಟ ಆ 60 ಕೂಪನ್. ಅಚ್ಚಿಗೆ ಕೊಟ್ಟಿದ್ದರೆ ಇವತ್ತೇ ಪ್ರೆಸ್ಸಿಗೆ ಫೋನ್ ಮಾಡಿ ನಿಲ್ಲಿಸಿ. ಮಾರಿದ ಮಕ್ಕಳನ್ನು ಬೈಯಬೇಡಿ, ಅವರಿಗೆ ಇದು ಗೊತ್ತಿರಲಿಲ್ಲ. ಯಾರು ಯಾರಿಗೆ ಕೊಟ್ಟರೆಂದು ಅವರಿಂದಲೇ ಪಟ್ಟಿ ಮಾಡಿಸಿ, ನಿಮ್ಮ ರುಜು ಇರುವ ಒಂದು ಚೀಟಿಯ ಜೊತೆ 20 ರೂಪಾಯಿ ವಾಪಸು ಕೊಡಿಸಿ. ಚೀಟಿಯಲ್ಲಿ ಇಷ್ಟು ಸಾಕು: 'ಲಕ್ಕಿ ಡ್ರಾ ನಡೆಸುತ್ತಿಲ್ಲ. ವಾರ್ಷಿಕೋತ್ಸವದ ದಿನ ಕಂಬಳಿ ಪಟ್ಟಿ ಇರುತ್ತದೆ, ದಯವಿಟ್ಟು ಬನ್ನಿ.' 1,200 ರೂಪಾಯಿಯ ಲೆಕ್ಕ ತಾಳೆಯಾದ ಮೇಲೆ ಮರಳಿ ಬಂದ ಕೂಪನ್‌ಗಳನ್ನು ಎಣಿಸಿ, ಅಡ್ಡಗೆರೆ ಎಳೆದು, ಪಟ್ಟಿಗೆ ಪಿನ್ ಮಾಡಿ ಕಡತದಲ್ಲಿಡಿ.